ಅರ್ಧ ಸುತ್ತು

ಮುಚ್ಚಳ ಸಡಿಲವಾಗಿರುವ ಡಬ್ಬಿಯಾಗಲಿ, ಜಾಡಿಯಾಗಲಿ, ಬಾಟಲಿಯಾಗಲಿ ಕಣ್ಣಿಗೆ ಬಿದ್ದರೆ ಅದನ್ನು ಬಿಗಿ ಮಾಡಿಯೇ ಮುಂದಕ್ಕೆ ಹೋಗುವುದು ನನ್ನ ಅಭ್ಯಾಸ. ಇದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ, ಮುಚ್ಚಳ ಇರುವುದೇ ಮುಚ್ಚುವುದಕ್ಕೆ ಎಂದು ನೀವು ಕೇಳಬಹುದು. ಆದರೆ ನನ್ನ ಮುಚ್ಚುವಿಕೆ ಮುಚ್ಚಿದ ಮೇಲೂ ನಿಲ್ಲುವುದಿಲ್ಲ. ಮುಚ್ಚಳ ತಾನಾಗಿ ತಿರುಗಿ ನಿಂತ ಮೇಲೆ, ಅದರ ನೆತ್ತಿಗೆ ಅಂಗೈ ಒತ್ತಿ, ಮಣಿಕಟ್ಟನ್ನು ಒಳಕ್ಕೆ ಹೊರಳಿಸಿ, ಇನ್ನೊಂದು ಚೂರು ತಿರುಪುತ್ತೇನೆ. ಚೂರು ಎಂದರೆ ಒಂದು ಹೆಸರುಕಾಳಿನಷ್ಟು. ಅಷ್ಟು ಸಾಕು. ಆಮೇಲೆ ಆ ಡಬ್ಬಿ ನನ್ನ ಕೈಗಲ್ಲದೆ ಬೇರೆಯವರ ಕೈಗೆ ಬಗ್ಗುವುದಿಲ್ಲ. ತೆರೆಯುವುದಕ್ಕೂ ಒಂದು ಕ್ರಮವಿದೆ. ಮೊದಲು ಇನ್ನೂ ಮುಚ್ಚುವವರ ಹಾಗೆ ಒಳಕ್ಕೆ ಒತ್ತಬೇಕು, ಆಮೇಲೆ ಹಿಂದಕ್ಕೆ ತಿರುಗಿಸಬೇಕು. ಇದನ್ನು ನಾನು ಯಾರಿಗೂ ಕಲಿಸಿಲ್ಲ. ಯಾರೂ ಕೇಳಿಯೂ ಇಲ್ಲ.

ವೆಸ್ಟ್ ಮಾಂಬಲಂನ ನಮ್ಮ ಫ್ಲ್ಯಾಟಿನಲ್ಲಿ ಇದು ಮದುವೆಯಷ್ಟೇ ಹಳೆಯ ವ್ಯಾಜ್ಯ. ನನ್ನ ಹೆಂಡತಿ ಪದ್ಮಾ ಒಲೆಯ ಮೇಲೆ ಒಗ್ಗರಣೆ ಇಟ್ಟುಕೊಂಡು ಇಂಗಿನ ಡಬ್ಬಿಯೊಡನೆ ಗುದ್ದಾಡುತ್ತಿರುತ್ತಾಳೆ. ಸಾಸಿವೆ ಸಿಡಿದು ಕರಕಾಗುತ್ತದೆ.

“ಏನ್ರೀ, ಇದಕ್ಕೆ ವೆಲ್ಡಿಂಗ್ ಮಾಡಿಸಿದೀರಾ?”

“ಕೊಡು ಇಲ್ಲಿ.”

“ನೀವು ತೆಗೆದುಕೊಡೋದು ದೊಡ್ಡಸ್ತಿಕೆ ಅಲ್ಲ. ಹಾಕಿದೋರೂ ನೀವೇ.”

ನಾನು ಮನೆಯಲ್ಲಿಲ್ಲದಿದ್ದರೆ ಡಬ್ಬಿ ಎದುರು ಫ್ಲ್ಯಾಟಿಗೆ ಹೋಗುತ್ತದೆ. ಅಲ್ಲಿನ ಮಾಮಿ ಅದಕ್ಕೆ ಒದ್ದೆ ಟವೆಲು ಸುತ್ತಿ, ಬಾಗಿಲಿನ ಸಂದಿಗೆ ಸಿಕ್ಕಿಸಿ ತಿರುಗಿಸುತ್ತಾರಂತೆ. ನಿಮ್ಮ ಯಜಮಾನರು ಇದನ್ನು ಮುಚ್ಚಿದರೋ, ಒಳಗೆ ಯಾರನ್ನಾದರೂ ಇಟ್ಟು ಸಮಾಧಿ ಕಟ್ಟಿದರೋ ಎಂದು ತಮಿಳಿನಲ್ಲಿ ವಿಚಾರಿಸುತ್ತಾರಂತೆ.

ಈ ಅಭ್ಯಾಸ ನನಗೆ ಬಂದದ್ದು ಎಣ್ಣೂರಿನಿಂದ. ನಾನು ಹುಡುಗನಾಗಿದ್ದಾಗ ಅಪ್ಪನಿಗೆ ಅಲ್ಲಿನ ಒಂದು ಕಚೇರಿಯಲ್ಲಿ ಗುಮಾಸ್ತಿಕೆ. ಒಂದು ಕಡೆ ಸಮುದ್ರ, ಒಂದು ಕಡೆ ಹಿನ್ನೀರು, ಗಾಳಿ ಬೀಸುವ ಕಡೆಗೆ ವಿದ್ಯುತ್ ಸ್ಥಾವರದ ಹೊಗೆಕೊಳವೆಗಳು. ಗಾಳಿ ತಿರುಗಿದ ದಿನ ಬೂದಿ ಬರುತ್ತಿತ್ತು. ಮಳೆಯಂತೆ ಸುರಿಯುತ್ತಿರಲಿಲ್ಲ. ಬಂದದ್ದೇ ತಿಳಿಯುತ್ತಿರಲಿಲ್ಲ. ಕಿಟಕಿಯ ಅಡ್ಡಪಟ್ಟಿಯ ಮೇಲೆ ಬೆರಳಾಡಿಸಿದರೆ ಬೆರಳು ಬೆಳ್ಳಗಾಗುತ್ತಿತ್ತು, ಅಷ್ಟೇ. ಹೆಪ್ಪಿಗೆ ಇಟ್ಟ ಹಾಲನ್ನು ಹತ್ತು ನಿಮಿಷ ಮುಚ್ಚಲು ಮರೆತರೆ ಮೊಸರಿನ ಕೆನೆಯ ಮೇಲೆ ಸಣ್ಣಗೆ ಸುಣ್ಣ ಹಾಕಿದಂತೆ ಕಾಣುತ್ತಿತ್ತು. ನಮ್ಮದು ವೈಷ್ಣವರ ಮನೆ. ಅಮ್ಮ ದೇವರ ಮುಂದೆ ಇಟ್ಟ ನೈವೇದ್ಯದ ಪಾತ್ರೆಯ ಮೇಲೂ ಒಂದು ತಟ್ಟೆ ಬೋರಲು ಹಾಕುತ್ತಿದ್ದಳು.

“ಈ ಬೂದಿ ಶಿವನಿಗಾದ್ರೆ ನಡೆಯತ್ತೆ. ನಮ್ಮ ವೆಂಕಟರಮಣನಿಗೆ ನಡೆಯೋದಿಲ್ಲ. ಮುಚ್ಚೋ.”

ಮುಚ್ಚಿದೆನೋ ಇಲ್ಲವೋ ಎಂದು ಕೇಳುವ ಪದ್ಧತಿ ಅವಳಿಗಿರಲಿಲ್ಲ. ಡಬ್ಬಿಯನ್ನು ತಲೆಕೆಳಗು ಮಾಡುತ್ತಿದ್ದಳು. ಒಳಗಿದ್ದದ್ದು ಚೆಲ್ಲಿದರೆ ನಾನು ಮುಚ್ಚಿಲ್ಲವೆಂದು ಅರ್ಥ, ಒರೆಸುವುದೂ ನನ್ನ ಪಾಲು. ಒಂದು ಸಲ ಒಂದು ಸೇರು ಅವಲಕ್ಕಿ, ಒಂದು ಸಲ ಅರ್ಧ ಡಬ್ಬಿ ಅರಿಶಿನ. ಅರಿಶಿನದ ನಂತರ ನನಗೆ ಮೂರನೆಯ ಪಾಠ ಬೇಕಾಗಲಿಲ್ಲ.

ಮುಂದೆ ಸಿಕ್ಕ ಕೆಲಸವೂ ಈ ಅಭ್ಯಾಸಕ್ಕೆ ನೀರೆರೆಯಿತು. ಡಿಪ್ಲೊಮಾ ಮುಗಿಸಿ ಅಳತೆಯ ಉಪಕರಣಗಳನ್ನು ಮಾಡುವ ಒಂದು ಸಣ್ಣ ಕಾರ್ಖಾನೆ ಸೇರಿದೆ. ಅಲ್ಲಿ ನನ್ನ ಕೆಲಸ ಸರ್ಕ್ಯೂಟ್ ಬೋರ್ಡ್ ಮಾಡುವುದು. ರೇಡಿಯೋ ಹಿಂಬದಿ ಬಿಚ್ಚಿದರೆ ಒಳಗೆ ಗೆರೆಗೆರೆಯ ಹಲಗೆಯೊಂದು ಕಾಣುತ್ತದಲ್ಲ, ಅದು. ತಾಮ್ರದ ತೆಳು ಹಾಳೆ ಅಂಟಿಸಿದ ಹಲಗೆಯ ಮೇಲೆ ಬೇಕಾದ ಗೆರೆಗಳನ್ನು ಬಣ್ಣದಿಂದ ಬರೆಯುವುದು, ಹಲಗೆಯನ್ನು ದ್ರಾವಣದಲ್ಲಿ ಮುಳುಗಿಸುವುದು. ಬಣ್ಣವಿಲ್ಲದ ಕಡೆ ತಾಮ್ರ ಕರಗಿಹೋಗುತ್ತದೆ. ಬಣ್ಣದ ಕೆಳಗೆ ಅವಿತುಕೊಂಡದ್ದು ಉಳಿಯುತ್ತದೆ. ಉಳಿದ ತಾಮ್ರದ ಗೆರೆಗಳೇ ತಂತಿಗಳು. ಇದನ್ನು ಮನೆಯಲ್ಲಿ ಅಭ್ಯಾಸ ಮಾಡಲು ನಾನು ಬಳಸಿದ ಬಣ್ಣ ಅಕ್ಕ ವಿಜಯಾಳ ಉಗುರುಬಣ್ಣ. ಅವಳಿಗೆ ಗಂಡಿನ ಕಡೆಯವರು ನೋಡಲು ಬರುವ ಹಿಂದಿನ ದಿನ ಸೀಸೆ ಬರಿದಾಗಿತ್ತು. ಸೀಸೆಯ ಮುಚ್ಚಳವನ್ನು ಮಾತ್ರ ನಾನು ಬಹಳ ಚೆನ್ನಾಗಿ ಮುಚ್ಚಿಟ್ಟಿದ್ದೆ. ಒಳಗೆ ಏನೂ ಇಲ್ಲವೆಂದು ತಿಳಿಯಲು ಅವಳಿಗೆ ಕಾಲು ಗಂಟೆ ಬೇಕಾಯಿತು.

ಕಾರ್ಖಾನೆಯಲ್ಲಿ ನಾವು ಬಳಸುತ್ತಿದ್ದ ದ್ರಾವಣ ಫೆರಿಕ್ ಕ್ಲೋರೈಡಿನದು. ನೋಡಲು ಕಾಫಿಯ ಡಿಕಾಕ್ಷನ್ನಿನಂತೆಯೇ. ಬಟ್ಟೆಗೆ ಒಂದು ಹನಿ ತಾಗಿದರೆ ಆ ಅಂಗಿ ಕಾರ್ಖಾನೆಯ ಅಂಗಿ ಎಂದು ಬೇರೆ ಇಡಬೇಕು. ಅದರ ಬಾಟಲಿಯ ಮುಚ್ಚಳ ಸಡಿಲವಿದ್ದರೆ ಸುತ್ತಲಿನ ಕತ್ತರಿ, ಇಕ್ಕಳ, ಕಪಾಟಿನ ಕೀಲು ಎಲ್ಲವೂ ಒಂದು ವಾರದಲ್ಲಿ ತುಕ್ಕು ಹಿಡಿಯುತ್ತವೆ. ಆದ್ದರಿಂದ ಮೇಲ್ವಿಚಾರಕರು ಹೊಸಬರಿಗೆ ನನ್ನನ್ನು ತೋರಿಸಿ, ಮುಚ್ಚುವುದನ್ನು ಇವನಿಂದ ಕಲಿಯಿರಿ ಎನ್ನುತ್ತಿದ್ದರು. ಮನೆಯಲ್ಲಿ ಬೈಸಿಕೊಂಡ ಗುಣಕ್ಕೆ ಹೊರಗೆ ಮರ್ಯಾದೆ ಸಿಕ್ಕರೆ ಮನುಷ್ಯ ಅದನ್ನು ಬಿಡುವುದಿಲ್ಲ.

ನಿವೃತ್ತನಾದ ಮೇಲೆ ತಾಂಬರಂ ಆಚೆಯ ಒಂದು ಎಂಜಿನಿಯರಿಂಗ್ ಕಾಲೇಜಿನಿಂದ ಕರೆ ಬಂತು. ಹುಡುಗ ಹುಡುಗಿಯರು ಕಂಪ್ಯೂಟರಿನಲ್ಲಿ ಬೋರ್ಡಿನ ನಕ್ಷೆ ಬಿಡಿಸುತ್ತಾರೆ, ಕೈಯಲ್ಲಿ ಒಂದನ್ನೂ ಮಾಡಿಲ್ಲ, ನೀವು ಬಂದು ಹತ್ತು ದಿನ ಮಾಡಿಸಿ ಎಂದರು. ಮಾಂಬಲಂ ಸ್ಟೇಷನ್ನಿನಲ್ಲಿ ಬೆಳಗಿನ ಎಲೆಕ್ಟ್ರಿಕ್ ರೈಲು ಹತ್ತುವುದು, ತಾಂಬರಂನಲ್ಲಿ ಇಳಿದು ಕಾಲೇಜು ಬಸ್ಸು ಹಿಡಿಯುವುದು. ಇಪ್ಪತ್ತನಾಲ್ಕು ವಿದ್ಯಾರ್ಥಿಗಳು.

ಈಗ ಗೆರೆಗಳನ್ನು ಕುಂಚದಿಂದ ಬರೆಯುವುದಿಲ್ಲ. ನುಣುಪಾದ ಕಾಗದದ ಮೇಲೆ ನಕ್ಷೆಯನ್ನು ಮುದ್ರಿಸಿ, ಅದನ್ನು ತಾಮ್ರದ ಮೇಲೆ ಬೋರಲು ಹಾಕಿ, ಬಿಸಿ ಇಸ್ತ್ರಿ ಪೆಟ್ಟಿಗೆಯಿಂದ ಒತ್ತುತ್ತಾರೆ. ಮುದ್ರಣದ ಕಪ್ಪು ಶಾಯಿ ತಾಮ್ರಕ್ಕೆ ಇಳಿಯುತ್ತದೆ. ಹೀಗಾಗಿ ಮೊದಲ ದಿನ ಪ್ರಯೋಗಾಲಯ ಲಾಂಡ್ರಿಯಂತೆ ಕಂಡಿತು. ಅಂಗಿಗೆ ಒಮ್ಮೆಯೂ ಇಸ್ತ್ರಿ ಹಾಕದ ಹುಡುಗರು ಹಲಗೆಗೆ ಹಾಕುತ್ತಿದ್ದರು. ನಮ್ಮಮ್ಮ ಇದನ್ನು ನೋಡಿಬಿಟ್ಟರೆ ನನ್ನ ಕಥೆ ಮುಗಿಯಿತು ಎಂದು ಒಬ್ಬ ತಮಿಳಿನಲ್ಲಿ ಗೊಣಗಿದ.

ಕಾಗದದ ಚಿತ್ರ ತಾಮ್ರಕ್ಕೆ ಇಳಿಯುವಾಗ ಎಡಬಲ ಅದಲು ಬದಲಾಗುತ್ತದೆ. ಅದನ್ನು ಲೆಕ್ಕ ಹಿಡಿದೇ ಮುದ್ರಿಸಬೇಕು. ತಪ್ಪಿದರೆ ಬೋರ್ಡು ಕನ್ನಡಿಯೊಳಗಿನ ಬೋರ್ಡಾಗುತ್ತದೆ, ಯಾವ ಭಾಗವೂ ಕೂರುವುದಿಲ್ಲ. ಅದಕ್ಕೆ ನಾನೊಂದು ಉಪಾಯ ಹೇಳಿಕೊಟ್ಟೆ. ನಕ್ಷೆಯ ಮೂಲೆಯಲ್ಲಿ ನಿಮ್ಮ ಹೆಸರು ಹಾಕಿ, ತಾಮ್ರದ ಮೇಲೆ ಅದು ಓದಲು ಬಂದರೆ ದಾರಿ ಸರಿ ಎಂದೆ. ಎಲ್ಲರೂ ಹಾಕಿದರು. ಸ್ವಲ್ಪ ಹೊತ್ತಿಗೆ ಮೈಥಿಲಿ ಎಂಬ ಹುಡುಗಿ ಹಲಗೆ ಹಿಡಿದು ಬಂದಳು. ಅವಳದೂ ಮಾಂಬಲಂ ಕಡೆಯ ಕನ್ನಡದ ಮನೆ, ತಂದೆ ವಿಮಾ ಕಂಪನಿಯಲ್ಲಿ. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರಿಸುತ್ತಿದ್ದಳು.

“ಸಾರ್, ಇದು ಕರೆಕ್ಟಾ, ಉಲ್ಟಾವಾ?”

ಮೂಲೆಯಲ್ಲಿ ಕನ್ನಡದಲ್ಲಿ ‘ಮೈಥಿಲಿ’ ಎಂದಿತ್ತು. ಅಜ್ಜಿಯ ಕೈಯಲ್ಲಿ ಬರೆಸಿ, ಫೋಟೋ ತೆಗೆದು, ನಕ್ಷೆಗೆ ಸೇರಿಸಿದ್ದಳಂತೆ.

“ಯಾಕಮ್ಮ, ನಿನ್ನ ಹೆಸರು ನಿನಗೆ ಓದಕ್ಕೆ ಬರಲ್ವಾ?”

“ಎನಕ್ಕು ಕೇಟ್ಟಾ ಪುರಿಯುಂ ಸಾರ್. ಪಡಿಕ್ಕ ತೆರಿಯಾದು,” ಎಂದಳು. ಕೇಳಿದರೆ ತಿಳಿಯುತ್ತದೆ, ಓದಲು ಬಾರದು.

ಇಪ್ಪತ್ತನಾಲ್ಕು ಜನರಲ್ಲಿ ತನ್ನ ಬೋರ್ಡಿನ ದಿಕ್ಕನ್ನು ತನ್ನ ಹೆಸರಿನಿಂದ ತಿಳಿಯಲಾಗದವಳು ಅವಳೊಬ್ಬಳೇ. ದಿಕ್ಕು ಸರಿಯಾಗಿತ್ತು.

ಈ ಪ್ರಯೋಗಾಲಯದ ಯಜಮಾನಿಕೆ ನನ್ನದಲ್ಲ, ಧನಲಕ್ಷ್ಮಿಯವರದು. ಎಲ್ಲರೂ ಕರೆಯುತ್ತಿದ್ದದ್ದು ಧನಂ. ನಲವತ್ತರ ಆಸುಪಾಸು, ಹೊಸೂರು ಕಡೆಯವರು, ಅಲ್ಲಿ ಶಾಲೆ ಕಲಿತವರಾದ್ದರಿಂದ ನನ್ನ ಜೊತೆ ಕನ್ನಡದಲ್ಲೇ ಮಾತು. ಏಳು ವರ್ಷಗಳಿಂದ ಅಲ್ಲಿ ತಾತ್ಕಾಲಿಕ ಸಹಾಯಕಿ. ಪ್ರತಿ ಜೂನ್‌ನಲ್ಲಿ ಮುಂದುವರಿಸುವ ಆದೇಶ ಬರುತ್ತದೋ ಇಲ್ಲವೋ ಎಂದು ಕಾಯುವವರು. ಆ ಹುದ್ದೆಯನ್ನು ಈ ಸಲ ಕಾಯಂ ಮಾಡುತ್ತಾರೆ, ಬರುವುದರ ಆಚೆಯ ಸೋಮವಾರ ಸಂದರ್ಶನ ಎಂದು ಮೊದಲ ದಿನವೇ ನನಗೆ ಹೇಳಿದರು.

“ಏಳು ಜೂನ್ ನೋಡಿದೀನಿ ಸಾರ್. ಎಂಟನೇದು ನೋಡಬಾರದು ಅಂತ ಆಸೆ.”

ಕಾಲೇಜಿನವರು ಫೆರಿಕ್ ಕ್ಲೋರೈಡನ್ನು ಬಿಟ್ಟಿದ್ದರು. ಅದರ ಕಲೆ ಹೋಗದು, ಕೆಲಸವೂ ನಿಧಾನ. ಈಗಿನದು ಹೈಡ್ರೋಕ್ಲೋರಿಕ್ ಆಸಿಡಿಗೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ದ್ರಾವಣ. ನೀರಿನಂತೆ ಕಾಣುತ್ತದೆ, ತಾಮ್ರ ತಿನ್ನುತ್ತ ಹಸಿರಾಗುತ್ತದೆ, ಐದು ನಿಮಿಷದಲ್ಲಿ ಕೆಲಸ ಮುಗಿಸುತ್ತದೆ. ಇದಕ್ಕೆ ಒಂದೇ ಒಂದು ಪಥ್ಯ. ಬಳಸಿದ ಮೇಲೂ ಒಳಗೊಳಗೇ ಗಾಳಿ ಬಿಡುತ್ತಿರುತ್ತದೆ, ಆದ್ದರಿಂದ ಬಾಟಲಿಯನ್ನು ಬಿಗಿಯಾಗಿ ಮುಚ್ಚಬಾರದು. ಮುಚ್ಚಳವನ್ನು ಅರ್ಧ ಸುತ್ತು ತಿರುಗಿಸಿ ಬಿಡಬೇಕು. ಧನಂ ಬಾಟಲಿಗೆ ಕಾಗದ ಅಂಟಿಸಿ, ಮುಚ್ಚಬಾರದು ಎಂದು ತಮಿಳಿನಲ್ಲಿ ದಪ್ಪಕ್ಕೆ ಬರೆದಿದ್ದರು. ಅದನ್ನು ನಾನು ವಿದ್ಯಾರ್ಥಿಗಳಿಗೆ ಓದಿ ಹೇಳಿದೆ, ಬರೆದುಕೊಳ್ಳಿ ಎಂದೆ, ಎಲ್ಲರೂ ಬರೆದುಕೊಂಡರೇ ಎಂದು ಸುತ್ತು ಹಾಕಿ ನೋಡಿದೆ. ಈ ಮಾತನ್ನು ಇಲ್ಲಿ ಹೇಳಲೇಬೇಕು. ನಿಯಮ ನನಗೆ ತಿಳಿದಿರಲಿಲ್ಲ ಎನ್ನುವ ಹಾಗಿಲ್ಲ.

ಆರನೆಯ ದಿನ ಗುರುವಾರ. ಆ ದಿನದ ವಿಷಯವನ್ನು ನಾನು ಎರಡು ಪುಟಗಳಲ್ಲಿ ಬರೆದುಕೊಟ್ಟಿದ್ದೇನೆ, ಆದ್ದರಿಂದ ಕ್ರಮ ತಪ್ಪದೆ ಹೇಳಬಲ್ಲೆ. ಬೆಳಗಿನ ತಂಡದ ಕೆಲಸ ಹನ್ನೊಂದೂವರೆಗೆ ಮುಗಿಯಿತು. ಧನಂ ಬಳಸಿದ ದ್ರಾವಣವನ್ನು ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ಹುಯ್ದು, ತೊಟ್ಟಿಯ ಪಕ್ಕದ ಕಟ್ಟೆಯ ಮೇಲೆ ಇಟ್ಟರು. ಅಂಟಿಸಿದ ಕಾಗದ ಗೋಡೆಯ ಕಡೆಗಿತ್ತು. ಹನ್ನೆರಡೂವರೆಗೆ ಎಲ್ಲರೂ ಊಟಕ್ಕೆ ಹೋದರು. ನಾನು ಕೈ ತೊಳೆದು ಕೊನೆಯಲ್ಲಿ ಹೊರಟೆ. ಒಂದೂವರೆಗೆ ಮತ್ತೆ ಸೇರಿದೆವು. ಎರಡು ಇಪ್ಪತ್ತಕ್ಕೆ ಮೈಥಿಲಿ ತನ್ನ ಬೋರ್ಡನ್ನು ತೊಟ್ಟಿಯಲ್ಲಿ ತೊಳೆಯುತ್ತಿದ್ದಳು. ದ್ರಾವಣದ ಕೆಲಸ ಮುಗಿದಿತ್ತಾದ್ದರಿಂದ ರಕ್ಷಣೆಯ ಕನ್ನಡಕವನ್ನು ಹಣೆಗೆ ಏರಿಸಿಕೊಂಡಿದ್ದಳು.

ಸದ್ದು ದೊಡ್ಡದಲ್ಲ. ಎಳನೀರು ಕಾಯಿ ಮಣ್ಣಿಗೆ ಬಿದ್ದ ಹಾಗೆ. ಬಾಟಲಿ ನಡುವಿನಲ್ಲಿ ಸೀಳಿತು. ಗೋಡೆ, ತೊಟ್ಟಿ, ಹುಡುಗಿಯ ಎಡಗೆನ್ನೆ ಎಲ್ಲವೂ ಹಸಿರಾದವು. ಅವಳು ಕಣ್ಣು ಮುಚ್ಚಿ ನಿಂತಳು. ಧನಂ ಎರಡೇ ಹೆಜ್ಜೆಗೆ ಅವಳನ್ನು ತಲುಪಿ, ಕತ್ತು ಹಿಡಿದು ನಲ್ಲಿಯ ಕೆಳಗೆ ಬಗ್ಗಿಸಿ, ಎಡಗಣ್ಣಿನ ರೆಪ್ಪೆಯನ್ನು ಎರಡು ಬೆರಳಿನಿಂದ ಬಿಡಿಸಿ ನೀರು ಬಿಟ್ಟರು. “ಸಾರ್, ಗಡಿಯಾರ ನೋಡಿ. ಹದಿನೈದು ನಿಮಿಷ,” ಎಂದರು. ನಾನು ಗಡಿಯಾರ ನೋಡಿದೆ. ನನ್ನಿಂದಾದದ್ದು ಅಷ್ಟೇ. ಎರಡು ಮೂವತ್ತೈದಕ್ಕೆ, ಆಯಿತು ಎಂದೆ. ಆಗ ಧನಂ ತಮ್ಮ ಬಲಗೈಯನ್ನು ನಲ್ಲಿಗೆ ಹಿಡಿದರು. ಮೊಣಕೈಯಿಂದ ಮಣಿಕಟ್ಟಿನವರೆಗೆ ಕೆಂಪು ಬೊಟ್ಟುಗಳೆದ್ದಿದ್ದವು. ಅದು ಹದಿನೈದು ನಿಮಿಷ ಕಾದಿತ್ತು.

ಹುಡುಗಿಯ ಕಣ್ಣಿಗೆ ಏನೂ ಆಗಿಲ್ಲ, ಕೂಡಲೇ ತೊಳೆದದ್ದರಿಂದ ಉಳಿಯಿತು, ಮೂರು ದಿನ ಔಷಧಿಯ ಹನಿ ಹಾಕಿ ಎಂದು ಕಣ್ಣಿನ ವೈದ್ಯರು ಹೇಳಿದರು. ಇದನ್ನು ಕೇಳಿ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತೆ. ನಿಂತಿದ್ದೆ ಎಂಬುದು ಆಗ ಗೊತ್ತಾಯಿತು.

ಶುಕ್ರವಾರ ಬೆಳಗ್ಗೆ ಪ್ರಾಂಶುಪಾಲರ ಕೋಣೆಯಲ್ಲಿ ವಿಚಾರಣೆ. ಪ್ರಾಂಶುಪಾಲರು ಸೌಮ್ಯ ಮನುಷ್ಯ. ಅವರ ಮೇಲೆ ಹುಡುಗಿಯ ತಂದೆಯ ಒತ್ತಡವಿತ್ತು, ಆಡಳಿತ ಮಂಡಳಿಗೆ ವರದಿ ಕಳಿಸಬೇಕಿತ್ತು. ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಬಾಟಲಿಯ ಮೇಲರ್ಧವನ್ನು ಇಟ್ಟಿದ್ದರು. ಮುಚ್ಚಳ ಕತ್ತಿನಲ್ಲೇ ಇತ್ತು. ಮುಚ್ಚಿದ್ದೇ ಕಾರಣವೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಯಾರು ಮುಚ್ಚಿದರು ಎಂಬುದೊಂದೇ ಪ್ರಶ್ನೆ. ವಿದ್ಯಾರ್ಥಿಗಳು ಯಾರೂ ಮುಟ್ಟಿಲ್ಲವೆಂದು ಬರೆದುಕೊಟ್ಟಿದ್ದರು.

“ಬಾಟಲಿ ಯಾರ ಜವಾಬ್ದಾರಿ?” ಎಂದು ಪ್ರಾಂಶುಪಾಲರು ತಮಿಳಿನಲ್ಲಿ ಕೇಳಿದರು.

“ನನ್ನದೇ ಸಾರ್,” ಎಂದರು ಧನಂ. “ಆದರೆ ನಾನು ಅರ್ಧ ಸುತ್ತು ಬಿಟ್ಟೇ ಇಟ್ಟಿದ್ದು.”

ಪ್ರಾಂಶುಪಾಲರು ನನ್ನ ಕಡೆ ತಿರುಗಿದರು. “ನೀವು ನಿಧಾನಸ್ಥರು, ನಿಮ್ಮ ಹೇಳಿಕೆಯಲ್ಲಿ ಒಂದೊಂದು ನಿಮಿಷದ ಲೆಕ್ಕ ಇದೆ. ಯಾರಾದರೂ ಮುಚ್ಚಿದ್ದನ್ನು ನೋಡಿದಿರಾ?”

“ನೋಡಲಿಲ್ಲ,” ಎಂದೆ. ಅದು ನಿಜ.

ಗಾಳಿ ಹೊರಹೋಗಲು ಮುಚ್ಚಳದ ಒಳಗೆ ತಂತಿಯಷ್ಟು ಸಣ್ಣ ರಂಧ್ರ ಏನಾದರೂ ಇದೆಯೇ ನೋಡೋಣ ಎಂದು ಅವರು ಅದನ್ನು ತೆರೆಯಲು ಹೋದರು. ಆಗಲಿಲ್ಲ. ಜವಾನನನ್ನು ಕರೆದರು. ಅವನು ಒಳ್ಳೆಯ ಕಟ್ಟುಮಸ್ತಾದ ಆಳು. ಕರವಸ್ತ್ರ ಸುತ್ತಿ ತಿರುಗಿಸಿದ, ಹಲ್ಲು ಕಚ್ಚಿ ತಿರುಗಿಸಿದ, ಇದನ್ನು ಯಾರೋ ಪೈಲ್ವಾನರು ಮುಚ್ಚಿದ್ದಾರೆ ಎಂದು ನಕ್ಕು ಕೆಳಗಿಟ್ಟ. ನಾನು ಕೈ ಚಾಚಿದೆ. ಅಂಗೈಯನ್ನು ನೆತ್ತಿಗೆ ಒತ್ತಿ, ಒಳಕ್ಕೆ ಒಂದು ಚೂರು ನೂಕಿ, ಹಿಂದಕ್ಕೆ ತಿರುಗಿಸಿದೆ. ಬಂತು.

ಪ್ರಾಂಶುಪಾಲರು ಥ್ಯಾಂಕ್ಸ್ ಎಂದು ಅದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು. ರಂಧ್ರವಿರಲಿಲ್ಲ. ವಿಚಾರಣೆ ಮುಂದುವರಿಯಿತು. ನನಗೆ ಮಾತ್ರ ಮುಂದಿನದೇನೂ ಕೇಳಿಸಲಿಲ್ಲ.

ಇಲ್ಲಿ ನಾನು ಜಾಗರೂಕನಾಗಿರಬೇಕು. ಆ ಬಾಟಲಿಯನ್ನು ನಾನು ಮುಚ್ಚಿದ್ದು ನನಗೆ ನೆನಪಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಇಂದಿಗೂ ನೆನಪಿಲ್ಲ. ಕೈ ತೊಳೆದದ್ದು ನೆನಪಿದೆ, ನಲ್ಲಿ ನಿಲ್ಲಿಸಿದ್ದು ನೆನಪಿದೆ, ಬಾಗಿಲಲ್ಲಿ ಚಪ್ಪಲಿ ಮೆಟ್ಟಿದ್ದು ನೆನಪಿದೆ. ನಲ್ಲಿಗೂ ಚಪ್ಪಲಿಗೂ ನಡುವೆ ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆಯಲ್ಲಿ ಕೈ ಏನು ಮಾಡಿತು ಎಂಬುದು ತಲೆಯವರೆಗೆ ಬಂದಿಲ್ಲ. ಆದರೆ ಶುಕ್ರವಾರ ಆ ಮುಚ್ಚಳ ತಿರುಗಿದಾಗ ಅಂಗೈಗೆ ಅದರ ಗುರುತು ಹತ್ತಿತು. ಪದ್ಮಾಳ ಇಂಗಿನ ಡಬ್ಬಿಯ ಗುರುತು ಹತ್ತುವ ಹಾಗೆಯೇ.

ಏಳಬಹುದಿತ್ತು. ಅಲ್ಲೇ ಎದ್ದು ಹೇಳಬಹುದಿತ್ತು. ನನಗೆ ನಾನೇ ಒಂದು ನ್ಯಾಯ ಕೊಟ್ಟುಕೊಂಡೆ. ಸಾಕ್ಷಿ ಎಂದರೆ ಕಂಡದ್ದನ್ನು ಹೇಳುವವನು, ಊಹಿಸಿದ್ದನ್ನಲ್ಲ. ನೆನಪಿಲ್ಲದ್ದನ್ನು ಹೇಗೆ ಬರೆದುಕೊಡಲಿ. ಈ ನ್ಯಾಯವನ್ನು ಹಿಡಿದುಕೊಂಡೇ ರೈಲು ಹತ್ತಿದೆ. ವಿಚಾರಣೆ ಮುಗಿಯುವ ತನಕ ತರಬೇತಿ ನಿಲ್ಲಿಸಿದ್ದರಾದ್ದರಿಂದ ಶನಿವಾರ ಹೋಗುವಂತಿರಲಿಲ್ಲ. ಹೋಗಬಾರದೆಂದೂ ಇರಲಿಲ್ಲ. ಮನೆಯಲ್ಲೇ ಇದ್ದೆ. ಹಳೆಯ ಟೇಬಲ್ ಫ್ಯಾನ್ ಬಿಚ್ಚಿ ಎಣ್ಣೆ ಹಾಕಿದೆ.

ಭಾನುವಾರ ಬೆಳಗ್ಗೆ ಪದ್ಮಾ ಹುರುಳಿಕಾಯಿ ಹೆಚ್ಚುತ್ತಿದ್ದಳು. ನಾನು ಎದುರು ಕುಳಿತು ಎಲ್ಲವನ್ನೂ ಹೇಳಿದೆ, ನನ್ನ ನ್ಯಾಯವನ್ನೂ ಹೇಳಿದೆ. ಅವಳು ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ.

“ನೆನಪಿಲ್ಲದ್ದನ್ನ ಹೇಳೋದಿಲ್ಲ ಅಂತೀರಿ.”

“ಹೌದು.”

“ಆ ಧನಂ ಮುಚ್ಚಿದ್ದು ನಿಮಗೆ ನೆನಪಿದೆಯಾ?”

“ಇಲ್ಲ.”

“ಮತ್ತೆ ಅದನ್ನ ಯಾಕೆ ಹೇಳ್ತಿದೀರಿ?”

“ನಾನೆಲ್ಲಿ ಹೇಳಿದೆ?”

“ಸುಮ್ಮನಿದ್ರಲ್ಲ,” ಎಂದಳು. ಹುರುಳಿಕಾಯಿಯ ಕಡೆಗೇ ನೋಡುತ್ತ ಹೇಳಿದಳು.

ಸೋಮವಾರ ಮೊದಲ ರೈಲಿಗೆ ಹೋದೆ. ಪ್ರಾಂಶುಪಾಲರು ಒಂಬತ್ತಕ್ಕೆ ಬಂದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿ, “ಖಚಿತವಾ ಸಾರ್?” ಎಂದರು.

“ನೆನಪಿಲ್ಲ. ಆದರೆ ಆ ಮುಚ್ಚಳ ನನ್ನದು. ಬೇರೆಯವರು ಮುಚ್ಚಿದ್ದರೆ ನಿಮ್ಮ ಜವಾನ ತೆಗೆಯುತ್ತಿದ್ದ.”

ಅವರು ಕಡತ ತೆರೆದು ಒಂದು ಹಾಳೆಯನ್ನು ನನ್ನ ಕಡೆಗೆ ತಿರುಗಿಸಿದರು. ಟೈಪು ಮಾಡಿದ ನಾಲ್ಕು ಸಾಲು. ಸದರಿ ಬಾಟಲಿಯನ್ನು ತಾನು ಅಜಾಗರೂಕತೆಯಿಂದ ಮುಚ್ಚಿರಬಹುದೆಂದೂ, ಅದಕ್ಕಾಗಿ ವಿಷಾದಿಸುವುದಾಗಿಯೂ ಇತ್ತು. ಕೆಳಗೆ ಧನಲಕ್ಷ್ಮಿಯವರ ಸಹಿ. ಶನಿವಾರದ ತಾರೀಖು.

“ಕ್ಷಮೆ ಕೇಳಿದರೆ ಬೇಗ ಮುಗಿಯುತ್ತೆ ಅಂತ ಆಫೀಸಿನವರು ಧನಂಗೆ ಹೇಳಿದ್ದಾರೆ. ಒಂದು ಮುಚ್ಚಳಕ್ಕೆ ಈಗ ಇಬ್ಬರು ವಾರಸುದಾರರು,” ಎಂದರು ಅವರು. ಅದರಲ್ಲಿ ತಮಾಷೆ ಇರಲಿಲ್ಲ. “ಸಂದರ್ಶನ ಹನ್ನೊಂದಕ್ಕೆ. ಈ ಹಾಳೆಯ ಪ್ರತಿ ಸಂದರ್ಶನದ ಕಡತಕ್ಕೆ ಹೋಗಿಬಿಟ್ಟಿದೆ. ನಿಮ್ಮ ಹೇಳಿಕೆ ಒಂದರಿಂದ ಆಗೋದಿಲ್ಲ. ಇದನ್ನು ಹಿಂತೆಗೆದುಕೊಳ್ಳುತ್ತೇನೆ ಅಂತ ಅವರೇ ಬರೆದುಕೊಡಬೇಕು.”

ಮುಂದೆ ಆದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಕಾಯಿಸುವುದಿಲ್ಲ. ಧನಂಗೆ ಆ ಹುದ್ದೆ ಸಿಕ್ಕಿತು. ಕಾಲೇಜು ನನ್ನ ಮೇಲೆ ಕ್ರಮವೇನೂ ಕೈಗೊಳ್ಳಲಿಲ್ಲ. ಹೊರಗಿನಿಂದ ಬಂದವನ ಮೇಲೆ ಕೈಗೊಳ್ಳುವ ಕ್ರಮ ಎಂದರೆ ಮತ್ತೆ ಕರೆಯದಿರುವುದು, ಅದು ನ್ಯಾಯವೇ. ಉಳಿದ ನಾಲ್ಕು ದಿನದ ತರಬೇತಿಯನ್ನು ಧನಂ ನಡೆಸಿದರು. ಮೈಥಿಲಿಯ ಬೋರ್ಡು ಮೊದಲ ಸಲಕ್ಕೇ ಕೆಲಸ ಮಾಡಿತು ಎಂದು ಅವಳ ತಂದೆ ಮಾಂಬಲಂನ ತರಕಾರಿ ಅಂಗಡಿಯಲ್ಲಿ ಸಿಕ್ಕಾಗ ಹೇಳಿದರು. ಬಾಟಲಿಯ ವಿಷಯ ಅವರು ಎತ್ತಲಿಲ್ಲ, ನಾನೇ ಎತ್ತಿದೆ. ಗೊತ್ತು ಎಂದರು.

ಆದರೆ ಆ ಸೋಮವಾರ ಒಂಬತ್ತೂವರೆಗೆ ಇದೊಂದೂ ಗೊತ್ತಿರಲಿಲ್ಲ. ಧನಂ ಸಂದರ್ಶನದ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ಇಸ್ತ್ರಿ ಮಾಡಿದ ನೀಲಿ ಸೀರೆ, ತೊಡೆಯ ಮೇಲೆ ಸರ್ಟಿಫಿಕೇಟುಗಳ ಚೀಲ. ಬಲಗೈಯ ಕೆಂಪು ಬೊಟ್ಟುಗಳು ಕಾಣದಂತೆ ಸೆರಗು ಎಳೆದುಕೊಂಡಿದ್ದರು. ನಾನು ಪಕ್ಕದಲ್ಲಿ ಕುಳಿತು, ಬಾಟಲಿ ಮುಚ್ಚಿದ್ದು ನಾನು, ಒಳಗೆ ಹೇಳಿ ಬಂದಿದ್ದೇನೆ ಎಂದೆ.

ಅವರು ತಲೆ ಎತ್ತಲಿಲ್ಲ.

“ನನಗೆ ಗೊತ್ತು ಸಾರ್. ಶುಕ್ರವಾರ ನೀವು ಅದನ್ನ ತೆಗೆದ್ರಲ್ಲ, ಆಗಲೇ ಗೊತ್ತಾಯ್ತು.”

“ಅಲ್ಲೇ ಹೇಳಬಾರದಿತ್ತಾ?”

“ನಾನು ಹೇಳಿದ್ರೆ ಏನಂತಾರೆ? ದೊಡ್ಡವರ ಮೇಲೆ ತಳ್ತಾಳೆ ಅಂತಾರೆ. ನೀವೇ ಹೇಳ್ತೀರ ಅಂತ ಸಾಯಂಕಾಲ ತನಕ ಕಾದೆ. ಶನಿವಾರ ಮಧ್ಯಾಹ್ನ ತನಕ ಕಾದೆ. ಆಮೇಲೆ ಸೈನ್ ಹಾಕ್ದೆ.”

ನಾನು ನನ್ನ ಚೀಲದಿಂದ ಒಂದು ಬಿಳಿ ಹಾಳೆ ತೆಗೆದೆ, ಪೆನ್ನು ತೆಗೆದೆ. ಹಿಂತೆಗೆದುಕೊಳ್ಳುವ ಪತ್ರ ಬೇಕಂತೆ, ನಾನು ಬರೆದುಕೊಡುತ್ತೇನೆ, ನೀವು ಸಹಿ ಮಾಡಿದರೆ ಸಾಕು ಎಂದೆ. ಕಾಗದದ ಮೇಲೆ ತಾರೀಖು ಹಾಕಿದೆ. ಎಲ್ಲಿಂದ ಆರಂಭಿಸಬೇಕು, ಗುರುವಾರದಿಂದಲೇ ಶನಿವಾರದಿಂದಲೇ ಎಂದು ಯೋಚಿಸುತ್ತಿದ್ದೆ.

ಧನಂ ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು.

“ಬೇಡ ಸಾರ್. ನೀವು ಸರಿಯಾಗಿ ಬರೀತೀರ. ಲೇಟಾಗಿ ಬರೀತೀರ.”

ಸರ್ಟಿಫಿಕೇಟಿನ ಚೀಲವನ್ನು ಮಣೆ ಮಾಡಿಕೊಂಡು, ನೋಯುವ ಕೈಯಲ್ಲೇ, ತಮಿಳಿನಲ್ಲಿ ಮೂರು ಸಾಲು ಬರೆದರು. ಬಾಟಲಿಯನ್ನು ನಾನು ಮುಚ್ಚಲಿಲ್ಲ. ಕೆಲಸ ಹೋಗುತ್ತದೆಂದು ಹೆದರಿ ಮುಚ್ಚಿದೆನೆಂದು ಸಹಿ ಹಾಕಿದೆ. ಆ ಸಹಿ ನನ್ನದಲ್ಲವೆಂದು ತಿಳಿಯಬೇಕು. ಹೆಸರು ಹಾಕಿ, ಎದ್ದು, ಪ್ರಾಂಶುಪಾಲರ ಕೋಣೆಯ ಕಡೆಗೆ ನಡೆದರು. ಬರೆಯಲು ಎರಡು ನಿಮಿಷವೂ ಹಿಡಿದಿರಲಿಲ್ಲ. ಅದರಲ್ಲಿ ಸೇರಿಸಬೇಕಾದ್ದು ಏನಾದರೂ ಇತ್ತೇ ಎಂದು ನಾನು ಬೆಂಚಿನ ಮೇಲೆ ಬಹಳ ಹೊತ್ತು ಹುಡುಕಿದೆ. ಏನೂ ಇರಲಿಲ್ಲ.